ಅತ್ತೆಯ ಚಂದ್ರ, ಎದುರು ಮನೆಯ ಟ್ಯಾಂಕು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಜೀವಮಾನವಿಡೀ ಮನಸ್ಸಿಟ್ಟು ಮಾಡಿದ್ದು ಎರಡೇ ಕೆಲಸ: ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದು ಮತ್ತು ಚಂದ್ರನನ್ನು ಹುಡುಕುವುದು. ಮೊದಲನೆಯದು ಹೊಟ್ಟೆಪಾಡು. ಎರಡನೆಯದು ಯಾಕೆ ಅಂತ ಕೇಳಿದರೆ, "ಇಲ್ಲದಿದ್ರೆ ಉಸಿರು ಕಟ್ಟತ್ತೆ ಕಣೇ" ಅನ್ನುತ್ತಾಳೆ.

ಎಲ್ಲರೂ ಉಪವಾಸಕ್ಕೋ ಹಬ್ಬಕ್ಕೋ ಚಂದ್ರನನ್ನು ನೋಡಿದರೆ, ಅತ್ತೆಗೆ ಪ್ರತಿ ತಿಂಗಳೂ ಬೇಕು. ಅವಳು ಹೊಲಿಗೆ ಮಾಡುವುದು ಕಟ್ಟಡದ ತಳಮನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಅಲ್ಲಿ ಬೆಳಗೂ ಒಂದೇ, ಬೈಗೂ ಒಂದೇ. ಅಮಾವಾಸ್ಯೆ ಕಳೆದ ಸಂಜೆ ಮಾತ್ರ ಕೈಲಿದ್ದ ಅಂಗಿಯನ್ನು ಹಾಗೇ ಬಿಟ್ಟು, ಸೂಜಿಯನ್ನು ಕುರ್ತಾದ ಕೊರಳಿಗೆ ಚುಚ್ಚಿಕೊಂಡು, ನಮಾಜಿನ ಚಾಪೆ ಜಾನಮಾಜನ್ನು ಕಂಕುಳಲ್ಲಿಟ್ಟು ತಾರಸಿಗೆ ಓಡುತ್ತಿದ್ದಳು. ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಅಲ್ಲೇ. ಆಮೇಲೆ ಪಡುವಣದಲ್ಲಿ ಆ ತೆಳ್ಳನೆಯ ಗೆರೆಗಾಗಿ ಹುಡುಕಾಟ. ಆಕಾಶಕ್ಕೆ ದೇವರು ಹೊಲಿದ ಕಾಜಾ ಅಂತ ಅದಕ್ಕೆ ಅವಳಿಟ್ಟ ಹೆಸರು.

ಚಂದ್ರ ಕಂಡ ಕೂಡಲೇ ಹೇಳುವ ದುವಾ ಒಂದಿದೆ. ಅದರ ಕೊನೆಯ ಮಾತು ಚಂದ್ರನಿಗೇ ಹೇಳುವಂಥದ್ದು: ನನ್ನ ಪ್ರಭುವೂ ನಿನ್ನ ಪ್ರಭುವೂ ಅಲ್ಲಾಹನೇ. ಆ ಮಾತಿಗೆ ಬಂದಾಗ ಅತ್ತೆಯ ದನಿಯೇ ಬೇರೆ. "ನೋಡು, ಅಷ್ಟು ಎತ್ತರದಲ್ಲಿರೋನು, ಆದ್ರೂ ನಾನೂ ಅವನೂ ಒಂದೇ ಮನೆಯ ಆಳುಗಳು" ಅಂದು ಮಗುವಿನಂತೆ ನಗುತ್ತಿದ್ದಳು.

ಹೋದ ವರ್ಷ ಎಡವಟ್ಟಾಯಿತು. ಕಣ್ಣಿಗೆ ಪೊರೆ ಬಂದಿದ್ದನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ಒಂದು ಸಂಜೆ "ಕಂಡಿತು! ಕಂಡಿತು!" ಅಂತ ಇಡೀ ಬೀದಿಗೆ ಕೇಳುವಂತೆ ಕೂಗಿ, ಕೈಯೆತ್ತಿ, ಭಕ್ತಿಯಿಂದ ದುವಾ ಪೂರ್ತಿ ಹೇಳಿದಳು. ಅವಳು ಕಂಡಿದ್ದು ಎದುರು ಮನೆಯ ತಾರಸಿಯ ಸ್ಟೀಲ್ ಟ್ಯಾಂಕಿನ ಮುಚ್ಚಳದ ಅಂಚು! ಆ ಮನೆಯ ಬೇಕರಿಯವನು ಬಿದ್ದು ಬಿದ್ದು ನಕ್ಕ. "ಅಕ್ಕಾ, ನಮ್ಮ ಟ್ಯಾಂಕಿಗೂ ನಿಮಗೂ ಒಬ್ಬನೇ ಪ್ರಭುನಾ?" ಬೀದಿಯಲ್ಲಿ ವಾರಗಟ್ಟಲೆ ಅದೇ ಮಾತು. ಅತ್ತೆಯೂ ಎಲ್ಲರ ಜೊತೆ ನಕ್ಕಳು. ಆದರೆ ಮತ್ತೆ ತಾರಸಿ ಹತ್ತಲಿಲ್ಲ.

"ಐದು ಹೊತ್ತು ನಮಾಜು ತಪ್ಪಿಸಿಲ್ಲ ಕಣೇ. ಆದ್ರೆ ಒಳಗೆ ಕೂತು ಹೇಳಿದ್ದು ಸೀಲಿಂಗಿಗೆ ತಾಗಿ ವಾಪಸ್ ಬಂದ ಹಾಗಿರತ್ತೆ" ಅಂದಳು ಒಮ್ಮೆ. ನನಗೆ ಸಂಕಟವಾಯಿತು. ಹಟ ಹಿಡಿದು, ಜಗಳ ಕಾಯ್ದು, ಪೊರೆ ತೆಗೆಸಿದೆ. ಹೊಸ ಕನ್ನಡಕವೂ ಬಂತು. ಆದರೂ ತಾರಸಿಯ ಮಾತೆತ್ತಿದರೆ ಅವಳಿಗೆ ಇಲ್ಲದ ಮಂಡಿನೋವು.

ಮೊನ್ನೆ ಸಂಜೆ ಮಾತ್ರ ನಾನು ಬಿಡಲಿಲ್ಲ. ಮೆಟ್ಟಿಲುದ್ದಕ್ಕೂ ಗೊಣಗುತ್ತಲೇ ಬಂದಳು. ನಮಾಜು ಮುಗಿಸಿ ಎದ್ದು ನಿಂತು ನನಗೆ ತಾಕೀತು ಮಾಡಿದಳು: "ನಿನಗೆ ಮೊದಲು ಕಂಡ್ರೆ ಬಾಯಿ ಬಿಡಬೇಡ. ನಾನೇ ಹುಡುಕಬೇಕು. ಕಾಣದಿದ್ರೆ ಇನ್ನು ನನ್ನನ್ನ ಇಲ್ಲಿಗೆ ಕರೀಬೇಡ."

ನನಗೆ ಕಂಡೇಬಿಟ್ಟಿತು! ಅದೇ ಟ್ಯಾಂಕಿನ ಮೇಲೆ, ಬಲಕ್ಕೆ ಸ್ವಲ್ಪ ವಾಲಿ. ಕೂಗಬೇಕು, ಕೂಗುವಂತಿಲ್ಲ. ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಎದುರು ತಾರಸಿಗೆ ಬಟ್ಟೆ ತೆಗೆಯಲು ಬಂದಿದ್ದ ಬೇಕರಿಯವನೂ ಅದನ್ನು ಕಂಡ. ಬಾಯಿ ತೆರೆಯುವಷ್ಟರಲ್ಲಿ ನಾನು ಕೈಮುಗಿದು, ಸುಮ್ಮನಿರು ಎಂದು ಸನ್ನೆ ಮಾಡಿದೆ. ಪಾಪ, ಟವೆಲ್ ಹಿಡಿದು ಅವನೂ ತುದಿಗಾಲಲ್ಲಿ ನಿಂತ. ಚಂದ್ರ ಇಳಿಯುತ್ತಲೇ ಇದ್ದ. ಇನ್ನೇನು ಟ್ಯಾಂಕಿನ ಹಿಂದೆ ಹೋಗಿಬಿಡುತ್ತಾನೆ! ಅತ್ತೆ ಮಾತ್ರ ಎಡಕ್ಕೆ, ಮರದ ತುದಿಯತ್ತ ನೋಡುತ್ತಿದ್ದಳು.

ಆಮೇಲೆ ಅವಳ ನೋಟ ಟ್ಯಾಂಕಿನತ್ತ ತಿರುಗಿತು. ನಿಂತಿತು. ಬಾಯಿ ಅರ್ಧ ತೆರೆದು ಮುಚ್ಚಿಕೊಂಡಳು. ಕಂಡಿದೆ, ಆದರೆ ನಂಬುತ್ತಿಲ್ಲ! ಮತ್ತೆ ಅದೇ ಟ್ಯಾಂಕು ಬೇರೆ.

ಏನು ಮಾಡಿದಳು ಗೊತ್ತೇ? ಕುರ್ತಾದ ಕೊರಳಿನಿಂದ ಸೂಜಿ ಕಿತ್ತಳು, ಜೇಬಿನಿಂದ ಬಿಳಿ ದಾರ ತೆಗೆದಳು. ದಾರದ ತುದಿಯನ್ನು ನಾಲಗೆಗೆ ತಾಗಿಸಿ, ಪಡುವಣದ ಬೆಳಕಿಗೆ ಸೂಜಿ ಹಿಡಿದಳು. ಕಣ್ಣಿಗೇ ಪರೀಕ್ಷೆ! ದಾರ ಒಂದೇ ಏಟಿಗೆ ಒಳಗೆ ಹೋಯಿತು.

"ಸೂಜಿ ಕಣ್ಣು ಕಂಡಿದ್ದು ನಿಜ ಆದ್ರೆ ಅದೂ ನಿಜ" ಅಂದವಳೇ ಕೈಯೆತ್ತಿದಳು. ಸೂಜಿ ಬೆರಳಲ್ಲೇ ಇತ್ತು, ದಾರ ಗಾಳಿಗೆ ಆಡುತ್ತಿತ್ತು. ದುವಾವನ್ನು ಒಂದೊಂದೇ ಪದ ಬಿಡಿಸಿ ಹೇಳಿದಳು, ಕೊನೆಯ ಮಾತನ್ನು ಎರಡು ಸಲ. ನಾನು ಕುಣಿದೆ, ಸುಳ್ಳಲ್ಲ, ನಿಜವಾಗಿ ಕುಣಿದೆ. ಬೇಕರಿಯವನು ಟವೆಲ್ ಬೀಸುತ್ತಾ ಕೂಗಿದ: "ಅಕ್ಕಾ, ಈ ಸಲ ದುವಾ ಯಾರಿಗೆ?"

"ಅಸಲಿ ಚಂದ್ರನಿಗೇ ಕಣೋ! ಹಾಗಂತ ನಿನ್ನ ಟ್ಯಾಂಕಿಗೆ ಹೇಳಿದ್ದನ್ನ ವಾಪಸ್ ತಗೊಳಲ್ಲ. ಅದರೊಳಗಿನ ನೀರು ನಿಮ್ಮಪ್ಪ ಮಾಡಿದ್ದಾ? ಅದಕ್ಕೂ ಅಲ್ಲಾಹನೇ ಪ್ರಭು."

ಅವನು ನಗಲಿಲ್ಲ. ಟ್ಯಾಂಕನ್ನೊಮ್ಮೆ, ಚಂದ್ರನನ್ನೊಮ್ಮೆ ನೋಡಿ ತಲೆಯ ಮೇಲೆ ಟವೆಲ್ ಹಾಕಿಕೊಂಡು, "ಇನ್ನೊಂದ್ಸಲ ಹೇಳಿ ಅಕ್ಕಾ, ನಾನೂ ಹೇಳ್ತೀನಿ" ಅಂದ.

ಅತ್ತೆ ಹೇಳಿಕೊಟ್ಟಳು. ಚಂದ್ರ ಮುಳುಗುವವರೆಗೂ ಕೆಳಗಿಳಿಯಲಿಲ್ಲ. ಮೆಟ್ಟಿಲಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಒಂದು ವರ್ಷದಿಂದ ಮಾತೇ ಆಡಿರಲಿಲ್ಲ ಕಣೇ" ಅಂದಳು. ಯಾರ ಜೊತೆ ಅಂತ ನಾನು ಕೇಳುವ ಮೊದಲೇ ಬೆರಳನ್ನು ಆಕಾಶದತ್ತ ತೋರಿಸಿದಳು.