ಮೋಲ್ಡಿಂಗ್ ದಿನ ‘ಇಲ್ಲ’ ಅಂದವರು

ನಮ್ಮ ಸೋದರತ್ತೆಯ ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕಿಗಳಿದ್ದವು. ಸಿಟ್ಟು ಬಂದರೆ ಗದ್ದ ಮೇಲೇಳುತ್ತಿತ್ತು. ಎದುರಿಗಿದ್ದವರಿಗೆ ಮೊದಲು ಆ ಚುಕ್ಕಿಗಳೇ ಕಾಣುತ್ತಿದ್ದವು. ದೇವಸಮುದ್ರದ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಆಮೇಲೆ ಕೊಡುತ್ತೇನೆಂದರೆ, ‘ಹಂಗಾದ್ರೆ ನಾನೂ ಆಮೇಲೆ ಇಳೀತೀನಿ’ ಎಂದು ಬಾಗಿಲಲ್ಲೇ ನಿಂತು ಬಸ್ಸು ತಡೆಯುವ ಹೆಂಗಸು.

ಚಳ್ಳಕೆರೆಯ ನಮ್ಮ ಹಳೇ ಮನೆಯ ಶೀಟು ತೆಗೆಸಿ ಆರ್‌ಸಿಸಿ ಹಾಕಿಸಲು ಹೊರಟಾಗ ಅತ್ತೆ ದೇವಸಮುದ್ರದ ತಮ್ಮ ಮನೆಯಿಂದ ಕರೆಯದೇ ಬಂದಿಳಿದರು. ನಮ್ಮ ಮನೆಯವರ ಆಟೊ ದುಡಿಮೆ, ಎಣ್ಣೆ ಮಿಲ್ಲಿನ ನನ್ನ ಸಂಬಳ, ಸಂಘದ ಸಾಲ ಎಲ್ಲ ಸೇರಿಸಿದ ದುಡ್ಡು ಅದು. ಹೋದರೆ ಮತ್ತೆ ಹುಟ್ಟುತ್ತಿರಲಿಲ್ಲ.

‘ಕೆಲಸ ಕುರಿ ಇದ್ದಂಗೆ, ಮುಂದೆ ಹೋಗ್ಲಿ. ದುಡ್ಡು ಕುರಿ ಕಾಯೋನಂಗೆ ಹಿಂದೆ ಬರ್ಲಿ ಕಣೇ’ ಎಂದರು. ಗೋಡೆ ಎತ್ತರಿಸಿದಾಗ ಅಷ್ಟು, ಸೆಂಟ್ರಿಂಗ್ ಹಲಗೆ ಕೂತಾಗ ಇಷ್ಟು, ಮುಗಿದ ಕೆಲಸಕ್ಕಷ್ಟೇ ಕೊಡಿಸಿದರು. ಅದೂ ನಗದಲ್ಲ, ಫೋನಿನಲ್ಲೇ. ‘ಕೈಗೆ ಕೊಟ್ಟಿದ್ದು ಬಾಯಿಗೆ ಮರ್ತೋಗ್ತೈತೆ.’

ನಮ್ಮ ಬಳಗದಲ್ಲಿ ತಾರಸಿಗೆ ಕಾಂಕ್ರೀಟು ಸುರಿಯುವ ಮೋಲ್ಡಿಂಗ್ ದಿನ ಮನೆಯವರ ಬಾಯಲ್ಲಿ ‘ಇಲ್ಲ’ ಬರಬಾರದು, ಬಂದರೆ ಮನೆಗೆ ಏಳಿಗೆಯಿಲ್ಲ ಎನ್ನುತ್ತಾರೆ. ಕಂಟ್ರಾಕ್ಟರಿಗೆ ಅದು ಚೆನ್ನಾಗಿ ಗೊತ್ತು. ಎಲ್ಲರೂ ಊಟಕ್ಕೆ ಕೂತಾಗ ನೆಂಟರ ಎದುರೇ ನನ್ನನ್ನು ಕೇಳಿದ:

‘ಅಕ್ಕಾ, ಒಳ್ಳೆ ದಿನ. ಬಾಕಿ ಪೂರಾ ಕೊಟ್ಬಿಡ್ರಿ. ಪ್ಲಾಸ್ಟರಿಂಗು, ಟೈಲ್ಸು ನನ್ ಜವಾಬ್ದಾರಿ.’

ನಮ್ಮ ಮನೆಯವರು ಫೋನು ತೆಗೆದೇಬಿಟ್ಟರು.

‘ಇಲ್ಲ’ ಎಂದರು ಅತ್ತೆ.

ನಮ್ಮ ದೊಡ್ಡಪ್ಪ, ‘ಅಪಶಕುನ ನುಡೀಬೇಡ’ ಎಂದು ಗದರಿದರು.

‘ಇಲ್ಲ, ಇಲ್ಲ, ಇಲ್ಲ! ಇವತ್ತಿನವರೆಗಿಂದು ತಗಳಪ್ಪ, ಹೊಟ್ಟೆ ತುಂಬ ಉಣ್ಣು. ಉಳಿದಿದ್ದು ಉಳಿದ ಕೆಲಸಕ್ಕೆ. ಒಳ್ಳೆ ದಿನ ಅಂತ ನಾನೂ ಒಬ್ಬನಿಗೆ ಪೂರಾ ಕೊಟ್ಟೆ, ಆ ಪುಣ್ಯಾತ್ಮ ಮತ್ತೆ ಮುಖ ತೋರಿಸ್ಲಿಲ್ಲ. ನನ್ ಗೋಡೆಗಳು ಇವತ್ತಿಗೂ ಬೆತ್ತಲೆ ಅದಾವೆ.’

ಆಂಧ್ರದ ಕಡೆಯ ಕಂಟ್ರಾಕ್ಟರು ತೆಲುಗಿನಲ್ಲಿ ಏನೋ ಗೊಣಗಿದ. ಅತ್ತೆ ತೆಲುಗಿನಲ್ಲೇ ತಿರುಗಿಸಿಕೊಟ್ಟರು: ‘ಪನಿ ಮುಂದು, ಡಬ್ಬು ತರ್ವಾತ!’ ಕೆಲಸ ಮೊದಲು, ದುಡ್ಡು ಆಮೇಲೆ. ಅವನ ಕೂಲಿಯವರೇ ನಕ್ಕುಬಿಟ್ಟರು.

ಅವನು ಮುನಿಸಿಕೊಂಡು ಹೋದ. ಕೆಲಸ ನಿಂತಿತು. ಬಳಗದವರೆಲ್ಲ ನನ್ನನ್ನೇ ಬೈದರು. ‘ಕೊಟ್ಟುಬಿಡೋಣ ಅತ್ತೆ’ ಎಂದು ನಾನೇ ಕಣ್ಣೀರಿಟ್ಟೆ. ಅವರು ಎಲೆಗೆ ಸುಣ್ಣ ಸವರುತ್ತಾ, ‘ಬಾಕಿ ನಮ್ ಹತ್ರ ಐತೆ, ಎಲ್ಲಿಗೆ ಹೋಗ್ತಾನೆ?’ ಎಂದರು. ಬಂದ. ಪ್ಲಾಸ್ಟರಿಂಗೂ ಆಯಿತು, ಟೈಲ್ಸೂ ಕೂತಿತು. ಅತ್ತೆ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿ, ಅವತ್ತೇ ಪೂರ್ತಿ ಕೊಡಿಸಿದರು. ‘ಮುಗಿದ್ಮೇಲೂ ಇಟ್ಕಂಡ್ರೆ ನಾವೇ ಕಳ್ರು.’

ಹೋದ ವರ್ಷ ಅತ್ತೆ ತೀರಿಕೊಂಡರು. ದೇವಸಮುದ್ರದ ಆ ಗಾರೆ ಕಾಣದ ಮನೆಯ ಮುಂದೆ ಹೆಣ ಮಲಗಿಸಿದ್ದಾಗ ದೊಡ್ಡಪ್ಪ ಅಂದರು: ‘ಮೋಲ್ಡಿಂಗ್ ದಿನ ಇಲ್ಲ ಅಂದ್ಲಲ್ಲ, ಆಡಿದ ಬಾಯಿಗೇ ತಟ್ಟಿತು.’

ಹಿರಿಯರ ಎದುರು ನಾನು ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

‘ತಟ್ಟಿದ್ದು ವಯಸ್ಸು ದೊಡ್ಡಪ್ಪ. ಆ ಬಾಯಿ ಅವತ್ತು ಇಲ್ಲ ಅನ್ನದಿದ್ರೆ, ಇವತ್ತು ನಾನು ಮನೆ ಇಲ್ಲ ಅಂತಿದ್ದೆ.’