ಮಾನಮಿ ಇಲ್ಲದ ದಿನ ಒಗೆದ ಕೌದಿ

ಟೀಚರ್ ಅವರ ಬೆರಳುಗಳು ಉದ್ದ, ಗಂಟುಗಂಟು; ಸೋಪಿನ ನೀರಿಗೆ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಉಗುರನ್ನು ಮಾಂಸ ಮುಟ್ಟುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಶಾಲೆಯ ಗೇಟಿನಲ್ಲಿ ನಿಂತು ಒಳಬರುವ ಪ್ರತಿ ಮಗುವಿನ ಕೈ ಕುಲುಕುತ್ತಿದ್ದರು. "ಹ್ಯಾಂಗದೀರಿ ಸಾಹೇಬ್ರ?" ಎಂದು ಒಂದನೆಯ ತರಗತಿಯ ಪೋರನಿಗೂ ಬಹುವಚನ. ಮಕ್ಕಳಿಗೆ ಅದು ಆಟ. ಅಷ್ಟರಲ್ಲಿ ಅವರ ಹೆಬ್ಬೆರಳು ಮಗುವಿನ ಬೆರಳ ಸಂದಿಯನ್ನೆಲ್ಲ ತಡವಿ, ಗುಳ್ಳೆ ಇದೆಯೇ, ಕೆರೆದುಕೊಂಡ ಗಾಯವಿದೆಯೇ ಎಂದು ನೋಡಿ ಮುಗಿಸಿರುತ್ತಿತ್ತು.

ನಾನೂ ಮಕ್ಕಳ ಕೈ ನೋಡುತ್ತಿದ್ದೆ. ಸಾಲಾಗಿ ನಿಲ್ಲಿಸಿ, "ಕೈ ಮುಂದ ಮಾಡ್ರಿ" ಎಂದು. ನನಗೆ ಕಲಿಸಿದ್ದೇ ಹಾಗೆ. ಆ ಸಾಲಿನಿಂದ ನುಸುಳಿ, ಇನ್ನೊಂದು ಸಲ ಕೈ ಕುಲುಕಲು ಗೇಟಿನ ಕಡೆ ಓಡುವ ಮಕ್ಕಳನ್ನು ಕಂಡಾಗ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಕೊಟ್ಟು ಏನಾಗಬೇಕಿದೆ?

ವಯಸ್ಸಿನಲ್ಲೂ ನೌಕರಿಯಲ್ಲೂ ನಾನು ಅವರಿಗಿಂತ ಹಿರಿಯಳು. ಸೂಡಿ ದಾರಿಯ ಆ ಊರಿನ ಸರಕಾರಿ ಶಾಲೆಗೆ ಅವರು ವರ್ಗವಾಗಿ ಬರುವ ಹೊತ್ತಿಗೆ ನಾನು ಗಜೇಂದ್ರಗಡದಿಂದ ಬಸ್ಸಿನಲ್ಲಿ ಓಡಾಡಿ ಸವೆದು ಹೋಗಿದ್ದೆ. ಆದರೆ ಅವರು ಎತ್ತರ, ನಾನು ಗಿಡ್ಡ. ಅಷ್ಟಕ್ಕೇ ಮಕ್ಕಳು ಅವರನ್ನು ದೊಡ್ಡ ಅಕ್ಕೋರು ಅಂದರು, ನನ್ನನ್ನು ಸಣ್ಣ ಅಕ್ಕೋರು ಅಂದರು. ಊರೂ ಹಾಗೇ ಕರೆಯಿತು. ಹೆಡ್ ಮಾಸ್ತರರ ಬಾಯಲ್ಲೂ ಒಮ್ಮೆ ಅದೇ ಬಂತು. ನಾನು ಮಾತ್ರ ಅವರನ್ನು ಕೊನೆಯವರೆಗೂ "ಟೀಚರ್" ಎಂದೇ ಕರೆದೆ. ಅದೊಂದಾದರೂ ನನ್ನ ಕೈಯಲ್ಲಿತ್ತು.

ಅವರಿಗೆ ಹಾಡು ಬರುತ್ತಿರಲಿಲ್ಲ. ಗಣಿತವಂತೂ ನನ್ನಷ್ಟು ಚೆಂದ ಕಲಿಸುತ್ತಿರಲಿಲ್ಲ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಕೇಳಿದ್ದರೆ ಅವರೇ ಒಪ್ಪುತ್ತಿದ್ದರು. ಚಹಾವನ್ನು ಬಸಿಗೆ ಸುರಿದು ಸೊರ್ ಎಂದು ಸಪ್ಪಳ ಮಾಡಿ ಕುಡಿಯುವರು. ಯಾರು ಏನೇ ತೊಂದರೆ ಹೇಳಿಕೊಂಡು ಬರಲಿ, "ಆಗ್ಲಿ, ನೋಡೂಣಂತ" ಅನ್ನುವರು. ನೋಡಿಯೂ ಬಿಡುವರು, ಅದೇ ನನಗೆ ಸಿಟ್ಟು.

ನಾನು ಕಲಿಸುತ್ತಿದ್ದ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ನಾನು ಲೆಕ್ಕ ಹೇಳಿ ಮುಗಿಸುವ ಮೊದಲೇ ಅವಳ ಉತ್ತರ ಬರುತ್ತಿತ್ತು. ಅವಳನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸಬೇಕೆಂದು ಹಠ ಹಿಡಿದವಳು ನಾನೇ. ಆ ಚಳಿಗಾಲದಲ್ಲಿ ಅವಳಿಗೆ ಕಜ್ಜಿ ಹತ್ತಿತು. ಬೆರಳ ಸಂದಿ, ಮಣಿಕಟ್ಟು, ಹೊಟ್ಟೆ. ಬಿಸಿಯೂಟದ ಸಾಲಿನಲ್ಲಿ ಅವಳ ಪಕ್ಕ ಯಾರೂ ಕೂರಲೊಲ್ಲರು. ದವಾಖಾನೆಯ ಮುಲಾಮು ಹಚ್ಚಿಕೊಂಡು ವಾಸಿಯಾದ ಮೇಲೆ ಬಾ ಎಂದೆ. ವಾಸಿಯಾಗಿ ಬಂದಳು, ಸ್ವಲ್ಪ ದಿನಕ್ಕೆ ಮತ್ತೆ ಕೆರೆದುಕೊಳ್ಳತೊಡಗಿದಳು. ಮತ್ತೆ ಮನೆ, ಮತ್ತೆ ಮುಲಾಮು. ಕೊನೆಗೊಂದು ದಿನ ಅವಳ ಅವ್ವ ಬಂದು, "ಸಾಲಿ ಸಾಕ್ರಿ ಅಕ್ಕೋರ. ಎಲ್ಲಾರ ಮುಂದ ನನ್ನ ಮಗಳು ಹೊಲಸು ಅನ್ನಿಸಿಕೊಳ್ಳೂದು ಬ್ಯಾಡ" ಎಂದು ಪಾಟಿಚೀಲ ಎತ್ತಿಕೊಂಡು ಹೋದಳು. ಪರೀಕ್ಷೆ ಹತ್ತಿರ ಬಂದಿತ್ತು.

ಇದನ್ನು ಕೇಳಿ ಅವರು ಆ ಮನೆಗೆ ಹೊರಟರು. ನನ್ನ ಹುಡುಗಿಯ ಮನೆಗೆ ಅವರೊಬ್ಬರೇ ಹೋಗಿ ಹೆಸರು ಮಾಡುವುದು ಬೇಡವೆಂದು ನಾನೂ ಹೊರಟೆ. ನಾನು ಬಾಗಿಲ ಬಳಿ ನಿಂತೇ ಇದ್ದೆ. ಅವರು ಸೀದಾ ಒಳಹೋಗಿ ಹುಡುಗಿಯ ಅಜ್ಜಿಯ ಪಕ್ಕ ಕೌದಿಯ ಮೇಲೇ ಕೂತರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದೊಡ್ಡ ಕೌದಿ.

"ಏನ್ ಹೊಲಿಗಿ ಹಾಕೀರಿ ಆಯಿ," ಎಂದು ಅದರ ಮೇಲೆ ಕೈಯಾಡಿಸಿದರು. "ಇದರಾಗ ಯಾರ್‍ಯಾರು ಮಲಗತಾರ?"

"ಹುಡುಗುರೆಲ್ಲಾ ಇದರಾಗ ರೀ. ಥಂಡಿಗೆ ಒಬ್ಬರಿಗೊಬ್ಬರು ಅಂಟಿಕೊಂಡ ಬಿದ್ದಿರತಾವು."

"ಹಂಗಾರ ಈ ಕಜ್ಜಿ ನಿಮ್ಮ ಮೊಮ್ಮಗಳ ಒಬ್ಬಾಕಿದಲ್ಲ, ಕೌದಿದು. ಆಕಿಗಷ್ಟ ಮುಲಾಮ ಹಚ್ಚಿದ್ರ ಹೋಗಂಗಿಲ್ಲ. ಮನಿಮಂದಿಯೆಲ್ಲಾ ಒಂದ ದಿನ ಕುತ್ತಿಗಿಯಿಂದ ಅಂಗಾಲ ತನಕ ಹಚ್ಕೊಂಡು ಮಲಗ್ರಿ. ಮುಂಜಾನೆದ್ದು ಜಳಕಾ ಮಾಡಿ, ಅರಿವಿ, ಕೌದಿ ಎಲ್ಲಾ ಕುದಿಯೂ ನೀರಾಗ ಒಗದು ಬಿಸಿಲಿಗೆ ಹಾಕ್ರಿ. ವಾರ ಬಿಟ್ಟು ಮತ್ತೊಮ್ಮೆ ಮುಲಾಮ ಹಚ್ಕೋರಿ."

ಅಜ್ಜಿ ತಲೆಯಾಡಿಸಿದಳು. "ಮಾನಮಿ ಹಬ್ಬದ ಮುಂದ ಒಗದೀವ್ರಿ. ಇನ್ನ ಬರೂ ಮಾನಮಿಗೆ. ನಡುವ ಕೌದಿ ಒಗದು ಹಾಕಿದ್ರ, ಸೂತಕ ಬಂದೈತಿ, ಯಾರೋ ಹ್ವಾದ್ರು ಅಂತ ಓಣಿಮಂದಿ ಮಾತಾಡ್ಸಾಕ ಬರ್ತಾರ. ಹಾಸಿಗಿ ಹಿಡಿದ ಮುದುಕ ಅದಾನ ಮನ್ಯಾಗ. ಅಪಶಕುನ ಬ್ಯಾಡ."

"ಇವೆಲ್ಲಾ ಮೂಢನಂಬಿಕಿ," ಎಂದೆ ನಾನು. ಅಜ್ಜಿ ಮುಖ ತಿರುಗಿಸಿದಳು.

ಅವರು, "ನೀವ್ ಅನ್ನೂದೂ ಖರೇ ಐತ್ರಿ ಆಯಿ" ಎಂದು ಎದ್ದರು. ದಾರಿಯಲ್ಲಿ ನನ್ನ ಜತೆ ವಾದಿಸಲಿಲ್ಲ. "ನಮ್ಮೂರು ಮೆಣಸಗಿಗೆ ಹೊಳಿ ನೀರು ಹೊಕ್ಕ ವರ್ಷ ನಾವೆಲ್ಲಾ ಸಾಲ್ಯಾಗ ಒಂದ ಹಾಸಿಗಿ ಮ್ಯಾಲ ಇದ್ವಿ" ಎಂದರು. "ಹೊಳಿ ಇಳೀತು, ಕಜ್ಜಿ ಇಳೀಲಿಲ್ಲ."

ಮರುದಿನ ನಾನು ಬಸ್ಸಿಳಿದಾಗ, ಅವರು ತಮ್ಮ ಬಾಡಿಗೆ ಮನೆಯಲ್ಲಿ ಹಂಡೆಗಟ್ಟಲೆ ನೀರು ಕಾಯಿಸಿ ಒಗೆದ ತಮ್ಮವೇ ಕೌದಿಗಳನ್ನು ಶಾಲೆಯ ಕಂಪೌಂಡಿನ ಮೇಲೆ ಹರವುತ್ತಿದ್ದರು. ಅಜ್ಜಿ ಹೇಳಿದಂತೆಯೇ ಆಯಿತು. ಹೆಂಗಸರು ತಲೆತುಂಬ ಸೆರಗು ಹೊದ್ದು ಮಾತಾಡಿಸಲು ಬಂದರು. ಹುಡುಗಿಯ ಅಜ್ಜಿಯೂ ಬಂದಳು.

"ಯಾರ್ ಹ್ವಾದ್ರಿ ಅಕ್ಕೋರ?"

"ಯಾರೂ ಹೋಗಿಲ್ರಿ. ನನಗ ಕಜ್ಜಿ ಆಗೈತಿ," ಎಂದು ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದರು.

ನಾಟಕ ಎಂದುಕೊಂಡು ನಾನೂ ಬಗ್ಗಿ ನೋಡಿದೆ. ಸಂದಿಯಲ್ಲಿ ನಿಜಕ್ಕೂ ಗುಳ್ಳೆಗಳಿದ್ದವು. ದಿನಾ ಅಷ್ಟೊಂದು ಮಕ್ಕಳ ಕೈ ಹಿಡಿದ ಕೈ ಅದು. ನನ್ನ ಕೈ ಸ್ವಚ್ಛವಾಗಿತ್ತು, ಯಾವ ಮಗುವೂ ಅದನ್ನು ಹಿಡಿದಿರಲಿಲ್ಲ. ಅವರ ಕಜ್ಜಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಇಂಥದ್ದಕ್ಕೂ ಹೊಟ್ಟೆ ಉರಿಯಬಹುದೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, ನಮ್ಮ ಮನೆಯಲ್ಲೂ ಇದೆ ಎಂದಳು. ಇನ್ನೊಬ್ಬಳೂ ಬಾಯಿಬಿಟ್ಟಳು. ಅವರು ಅಷ್ಟಕ್ಕೇ ಕಾದವರಂತೆ, "ಊರಾಗ ಎಲ್ಲಾರೂ ಒಂದ ದಿನ ಕೌದಿ ಒಗದ್ರ ಯಾರು ಯಾರನ್ನ ಮಾತಾಡ್ಸಾಕ ಹೋಗ್ತೀರಿ?" ಎಂದರು. ಎಲ್ಲರಿಗಿಂತ ಮೊದಲು ನಕ್ಕವಳು ಆ ಅಜ್ಜಿ.

ಮುಲಾಮನ್ನು ದವಾಖಾನೆಯ ನರ್ಸಮ್ಮ ಮನೆಮನೆಗೆ ಮುಟ್ಟಿಸಿದರು. ಎತ್ತು ಹೂಡದ ಸೋಮವಾರ ಊರಿಗೆ ಊರೇ ಕೌದಿ ಒಗೆಯಿತು. ಅವರು ತಮ್ಮ ಕೈ ವಾಸಿಯಾಗುವವರೆಗೆ ಗೇಟಿನಲ್ಲಿ ಕೈಮುಗಿದು ನಿಂತರು. ಮಕ್ಕಳೂ ಗಂಭೀರವಾಗಿ ಕೈಮುಗಿದು ಒಳಬಂದವು. ನನ್ನ ಹುಡುಗಿ ಪಾಟಿಚೀಲ ಹೊತ್ತು ತಿರುಗಿ ಬಂದಳು, ಪರೀಕ್ಷೆ ಬರೆದಳು, ಪಾಸಾದಳು. ಲೆಕ್ಕ ಕಲಿಸಿದವಳು ನಾನು. ವಸತಿ ಶಾಲೆಯಿಂದ ರಜೆಗೆ ಬಂದವಳು ಮೊದಲು ಹೋದದ್ದು ಅವರ ಮನೆಗೆ. ಆಮೇಲೆ ನನ್ನಲ್ಲಿಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅವರ ಕೈ ಕುಲುಕಿದ್ದಳಂತೆ.

ಹೋದ ವರ್ಷ ಅವರಿಗೆ ಎದೆನೋವು ಬಂದು, ಗದಗಿನ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ತವರೂರು ಮೆಣಸಗಿಗೆ ಒಯ್ದು ಮಣ್ಣು ಮಾಡಿದರು. ನಾನು ಹೋಗಿ ಬಂದೆ. ಶಾಲೆಯ ಊರಿನ ಹೆಂಗಸರಿಗೆ ಸುದ್ದಿ ಮುಟ್ಟಿದ್ದೇ ತಡವಾಗಿ, ಮಣ್ಣಿಗೆ ಹೋಗಲಾಗಲಿಲ್ಲ.

ಮರುದಿನ ಬಸ್ಸು ಊರ ತಿರುವಿಗೆ ಬಂದಾಗ ನೋಡುತ್ತೇನೆ, ಗೋಡೆಗಳ ಮೇಲೆ, ಬಣವೆಗಳ ಮೇಲೆ, ಶಾಲೆಯ ಕಂಪೌಂಡಿನ ಉದ್ದಕ್ಕೂ ಒದ್ದೆ ಕೌದಿಗಳು. ಮಾನಮಿ ದೂರವಿತ್ತು. ಊರಲ್ಲಿ ಕಜ್ಜಿಯೂ ಇರಲಿಲ್ಲ. ನನಗೆ ಅಳು ಬರುವ ಮೊದಲು ಹೊಟ್ಟೆಕಿಚ್ಚು ಬಂತು. ನಾನು ಸತ್ತರೆ ಈ ಊರಲ್ಲಿ ಒಂದು ಟವೆಲ್ಲೂ ಒದ್ದೆಯಾಗದು ಅನಿಸಿತು. ಆಮೇಲೆ ಅತ್ತೆ.

ಹುಡುಗಿಯ ಅಜ್ಜಿ ನೀರು ಸೋರುವ ಕೌದಿಯ ಅಂಚು ಹಿಂಡುತ್ತಿದ್ದಳು. ನನ್ನನ್ನು ನೋಡಿ, "ನೀವೂ ಒಗೀರಿ ಸಣ್ಣ ಅಕ್ಕೋರ," ಎಂದಳು. "ನಿಮಗೂ ಸೂತಕ ಐತಲ್ಲ."

ಸಂಜೆ ಮನೆಗೆ ಬಂದು ಹಂಡೆ ತುಂಬ ನೀರು ಕಾಯಿಸಿದೆ. ಒಗೆದ ಕೌದಿಯನ್ನು ಗೋಡೆಯ ಮೇಲೆ ಎಳೆದು ಹಾಕುವಾಗ ಎದುರು ಮನೆಯಾಕೆ ಸೆರಗು ಸರಿಮಾಡಿಕೊಂಡು ಬಂದಳು.

"ಯಾರ್ ಹ್ವಾದ್ರಿ?"

"ನಮ್ಮ ದೊಡ್ಡ ಅಕ್ಕೋರು ಹ್ವಾದ್ರು," ಎಂದೆ.