ಅಭಿಮಾನಿಗಳು ಎತ್ತಿದ ಆರತಿ

ಸೈಕಲ್ ಪಂದ್ಯದ ಮಾತು ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಂದ್ಯದ ಮೇಲಲ್ಲ, ಸೈಕಲ್ಲಿನ ಮೇಲಂತೂ ಅಲ್ಲ. ರಸ್ತೆಯ ಎರಡು ಕಡೆಯೂ ನಿಂತು ಗಂಟಲು ಹರಿದುಕೊಳ್ಳುವ ಜನರ ಮೇಲೆ. ಆ ಜನರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಹೊಳೆನರಸೀಪುರದಲ್ಲಿ ನನ್ನನ್ನು ಬಲ್ಲವರು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ.

ಅಲ್ಲಿನ ಪೇಟೆ ಬೀದಿಯಲ್ಲಿ ನಮ್ಮದು ಜವಳಿ ಅಂಗಡಿ. ನಾನು ಸೈಕಲ್ ಕಲಿತದ್ದು ಮದುವೆಯಾದ ಮೇಲೆ. ಹತ್ತುವುದು ಬಂತು, ಇಳಿಯುವುದು ಬರಲಿಲ್ಲ. ಇಳಿಯಬೇಕಾದಾಗಲೆಲ್ಲ ಒಂದು ಮರವನ್ನೋ ಪರಿಚಯದವರನ್ನೋ ಹುಡುಕಿಕೊಂಡು ಹೋಗಿ ಅಪ್ಪಿಕೊಳ್ಳುತ್ತಿದ್ದೆ. ಇಂಥ ನಾನು, ಯಾರು ಹೇಗೆ ತುಳಿಯಬೇಕು, ಯಾವ ತಿರುವಿನಲ್ಲಿ ಎಷ್ಟು ಬಾಗಬೇಕು ಎಂದು ಅಂಗಡಿಯಲ್ಲಿ ಕೂತು ಅಧಿಕಾರವಾಣಿಯಿಂದ ಹೇಳುತ್ತಿದ್ದೆ. ಈಜು ಬಾರದವನೇ ದಡದಲ್ಲಿ ನಿಂತು ಹೆಚ್ಚು ಬುದ್ಧಿ ಹೇಳುವುದು.

ಆ ಪಂದ್ಯ ಚನ್ನರಾಯಪಟ್ಟಣದಲ್ಲಿ ಹೊರಟು ನಮ್ಮೂರನ್ನು ಹಾದು ಹಾಸನದಲ್ಲಿ ಮುಗಿಯುತ್ತಿತ್ತು. ಮೊದಮೊದಲು ಅದನ್ನು ನಡೆಸುತ್ತಿದ್ದವರು ಸೈಕಲ್ ಅಂಗಡಿಯವರು. ಸವಾರರ ಎದೆಯ ಮೇಲೆ ಅಂಗಡಿಯ ಹೆಸರು. ನೋಡಲು ನಾಲ್ಕು ಜನ, ಅಟ್ಟಿಸಿಕೊಂಡು ಹೋಗಲು ಎರಡು ನಾಯಿ. ಆಮೇಲೆ ಯಾರೋ ಪುಣ್ಯಾತ್ಮರು ಅಂಗಡಿಯ ಹೆಸರು ಕಿತ್ತುಹಾಕಿ ತಾಲ್ಲೂಕಿನ ಹೆಸರು ಹಚ್ಚಿದರು. ಹಾಸನದ್ದೊಂದು ತಂಡ, ನಮ್ಮದೊಂದು, ಅರಕಲಗೂಡಿನದೊಂದು, ಚನ್ನರಾಯಪಟ್ಟಣದ್ದೊಂದು. ಅದೇ ರಸ್ತೆ, ಅದೇ ಸೈಕಲ್ಲು, ತುಳಿಯುವವರೂ ಅವರೇ. ಆದರೆ ಆ ವರ್ಷ ನಮ್ಮ ಬೀದಿಯಲ್ಲಿ ನಿಲ್ಲಲು ಜಾಗವಿರಲಿಲ್ಲ.

ನನಗೆ ಪತ್ರಿಕೆ ಓದುವ ಚಟ. ಫ್ರಾನ್ಸಿನಲ್ಲಿ ದೇಶವನ್ನೇ ಸುತ್ತಿ ಬರುವ ಸೈಕಲ್ ಪಂದ್ಯವಿದೆಯಂತೆ. ಅಲ್ಲಿಯೂ ಮೊದಲು ಕಂಪನಿಗಳ ತಂಡಗಳಿದ್ದು, ಆಮೇಲೆ ದೇಶ ದೇಶಗಳ ತಂಡಗಳಾದವಂತೆ. ಇದನ್ನು ಓದಿದಾಗ ನಮ್ಮ ಹುಚ್ಚಿಗೆ ವಿಲಾಯಿತಿ ಮೊಹರು ಬಿದ್ದಂತೆ ಬೀಗಿದ್ದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಎದುರುಗಾಳಿಯಲ್ಲಿ ತುಳಿಯುವವನ ಏದುಸಿರು ಯಾವ ಊರಿನದಾದರೂ ಒಂದೇ. ಆದರೂ ಅವನು ನಮ್ಮವನು ಎಂದು ಖಾತ್ರಿಯಾಗುವ ತನಕ ಚಪ್ಪಾಳೆ ತಟ್ಟಲು ನಮ್ಮ ಕೈ ಕಂಕುಳಿನಿಂದ ಈಚೆಗೆ ಬರುವುದಿಲ್ಲ.

ತಂಡವೊಂದಿದ್ದರೆ ಸಾಲದು, ಜನಕ್ಕೆ ಒಂದು ಮುಖವೂ ಬೇಕು. ನಮಗೆ ಸಿಕ್ಕಿದ ಮುಖ ನಂಜೇಗೌಡನದು. ಹಳೇಕೋಟೆ ಕಡೆಯ ಒಕ್ಕಲು. ಬದನೆಕಾಯಿ ಮೂಟೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಾಸನದ ಸಂತೆಗೆ ತುಳಿಯುತ್ತಿದ್ದವನು. ಮೂಟೆ ಇಳಿಸಿ ಪಂದ್ಯಕ್ಕೆ ಬಿಟ್ಟರೆ ಅವನನ್ನು ಹಿಡಿಯುವವರೇ ಇರಲಿಲ್ಲ. ಅವನು ತಲೆಗೆ ಕೆಂಪು ಟವಲು ಸುತ್ತುತ್ತಿದ್ದನೆಂದು ಊರಿನ ಗಂಡಸರೆಲ್ಲ ನಮ್ಮ ಅಂಗಡಿಗೆ ಬಂದು ಕೆಂಪು ಟವಲು ಕೇಳತೊಡಗಿದರು. ಅಲ್ಲಿಯತನಕ ಅವನನ್ನು ಜಗಲಿಯ ಕೆಳಗೇ ನಿಲ್ಲಿಸಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದವರು ಕುರ್ಚಿ ಎಳೆದು ಕೂರಿಸತೊಡಗಿದರು.

ಒಂದು ವರ್ಷ, ಹಾಸನಕ್ಕೆ ಮೊದಲು ಮುಟ್ಟಿದವನನ್ನು ಮೈಸೂರು ಸಂಸ್ಥಾನದ ತಂಡಕ್ಕೆ ಸೇರಿಸಿಕೊಳ್ಳುತ್ತಾರೆಂದು ಗೊತ್ತಾಯಿತು. ಸಂಸ್ಥಾನದ ತಂಡವೆಂದರೆ ಪರಪ್ರಾಂತಗಳಲ್ಲಿ ಸವಾರಿ. ನಂಜೇಗೌಡ ಅಂಗಡಿಗೆ ಬಂದಾಗ ನನ್ನೊಡನೆ ಹೇಳಿದ:

"ಮೂಟೆ ಇಲ್ದಂಗೆ ಒಂದ್ಕಿತ ನಮ್ ಸೀಮೆ ದಾಟಿ ತುಳೀಬೇಕು ಸಾವ್ಕಾರ್ರೆ. ಇನ್ನೇನೂ ಬ್ಯಾಡ ನಂಗೆ."

ಆ ವರ್ಷವೆಲ್ಲ ಅವನು ಮೂಟೆಯ ಭಾರ ಹೆಚ್ಚಿಸಿಕೊಂಡು ತುಳಿದ, ಕಾಲು ಗಟ್ಟಿಯಾಗಲೆಂದು.

ಪಂದ್ಯದ ದಿನ ನಂಜೇಗೌಡ ಎಲ್ಲರನ್ನೂ ಅರ್ಧ ಮೈಲಿ ಹಿಂದೆ ಹಾಕಿ ನಮ್ಮ ಬೀದಿಗೆ ಬಂದ. ನಮ್ಮ ಕಡೆ ಗೆದ್ದು ಬಂದವನಿಗೆ ಆರತಿ ಎತ್ತದೆ ಊರೊಳಕ್ಕೆ ಬಿಟ್ಟುಕೊಳ್ಳುವ ಪದ್ಧತಿಯಿಲ್ಲ. ಅವನಿನ್ನೂ ಗೆದ್ದಿಲ್ಲ, ಹಾಸನಕ್ಕೆ ಇನ್ನೂ ಇಪ್ಪತ್ತು ಮೈಲಿ ಇದೆ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗಾದರೂ ಹೊಳೆಯಬೇಡವೇ? ಮುತ್ತೈದೆಯರು ತಟ್ಟೆ ಹಿಡಿದು ರಸ್ತೆಗೆ ಅಡ್ಡ ನಿಂತರು. ಅವನು ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೆ ಕೊಟ್ಟ.

"ಬುಡ್ರಪ್ಪೋ, ಹಿಂದ್ಗಡೆ ಕಾಳಪ್ಪ ಬತ್ತಾವ್ನೆ!" ಎಂದ. ಕಾಳಪ್ಪ ಅರಕಲಗೂಡು ತಂಡದ ಸವಾರ.

ನಮ್ಮ ತಂಡದ ಯಜಮಾನಿಕೆ ವಹಿಸಿದ್ದ ನನ್ನ ದೊಡ್ಡಪ್ಪ ಗುರುಬಸಪ್ಪನವರು, "ಬರ್ಲಿ ಬುಡೋ, ನೀನು ಆಗ್ಲೇ ಗೆದ್ದಂಗೆ ಕಣ್ಲಾ. ಆರತೀನ ಅರ್ಧಕ್ ಬುಡ್ಬಾರ್ದು, ಒಳ್ಳೇದಲ್ಲ" ಎಂದರು.

ಆರತಿ ಹಾಡಿನ ಐದು ನುಡಿಯೂ ಮುಗಿಯಬೇಕಾಯಿತು. ಹಾರ ಹಾಕಿದವನು ನಾನೇ. ಬಾಗಿಲಿಗೆ ಬಂದವನನ್ನು ಬರಿಬಾಯಲ್ಲಿ ಕಳಿಸಬಾರದೆಂದು ಒಂದು ತಂಬಿಗೆ ಪಾನಕವನ್ನೂ ಕುಡಿಸಿದೆವು. ಅವನು ಬೇಡ ಬೇಡವೆಂದು ತಲೆ ಆಡಿಸಿದಷ್ಟೂ ನಾವು ಅದನ್ನು ಸಂಕೋಚವೆಂದು ತಿಳಿದು ಬಲವಂತ ಮಾಡಿದೆವು. ಅಷ್ಟರಲ್ಲಿ ಕಾಳಪ್ಪ ಪಕ್ಕದಲ್ಲೇ ಹಾದು ಹೋದ. ಹೋಗುತ್ತಲೇ, "ಅಯ್ಯೋ, ಬುಡ್ರೋ ಅವುನ್ನ!" ಎಂದು ಕೂಗಿದ. ನಾವು ಅವನಿಗೆ ಸಿಳ್ಳೆ ಹಾಕಿ ಛೀಮಾರಿ ಮಾಡಿದೆವು.

ನಂಜೇಗೌಡ ಕುಡಿದ ಪಾನಕವನ್ನು ದಾರಿಯಲ್ಲಿ ಕಕ್ಕಿಕೊಂಡನಂತೆ. ಆದರೂ ತುಳಿದು, ಕಾಳಪ್ಪನಿಗಿಂತ ಒಂದು ಕೂಗಳತೆ ಹಿಂದೆ ಹಾಸನ ಮುಟ್ಟಿದ.

ನಿಜವಾದ ಹೇಸಿಗೆ ಶುರುವಾದದ್ದು ಆಮೇಲೆ. "ಪಾನಕದ ಆಸೆಗೆ ನಿಂತ್ಬುಟ್ಟ ಕಣಯ್ಯ" ಎಂದವನು ಪಾನಕ ಬೆರೆಸಿದವನೇ. "ಅರಕಲಗೂಡ್ನೋರ ಜತೇಲಿ ಏನೋ ಒಳಮಾತು ಆಗಿರ್ಬೇಕು" ಎಂದು ಇನ್ನೊಬ್ಬ. ಕೆಂಪು ಟವಲುಗಳೆಲ್ಲ ದನದ ಮೈ ಒರೆಸಲು ಹೋದವು. ಮುಂದಿನ ವರ್ಷದ ತಂಡ ಕಟ್ಟುವಾಗ ದೊಡ್ಡಪ್ಪ ನಂಜೇಗೌಡನ ಹೆಸರನ್ನೇ ತೆಗೆದುಹಾಕಿದರು. ಆ ಸಭೆ ನಡೆದದ್ದು ನಮ್ಮ ಅಂಗಡಿಯಲ್ಲಿ. ಅವನನ್ನು ನಿಲ್ಲಿಸಿದವರು ನಾವು ಎಂಬ ಒಂದು ಮಾತನ್ನು ನಾನು ಆಡಬಹುದಾಗಿತ್ತು. ದೊಡ್ಡಪ್ಪನ ಎದುರಿಗೆ ಬಾಯಿ ಬಿಡಲು ಧೈರ್ಯ ಸಾಲದೆ ಎಲೆ ಅಡಿಕೆ ಜಗಿಯುತ್ತ ಕೂತೆ. ಆ ಜನರ ಮೇಲೆ ನನಗಿರುವ ಸಿಟ್ಟು ಒಂದು ಪಾಲಾದರೆ, ಆ ದಿನ ಜಗಿಯುತ್ತಿದ್ದ ನನ್ನ ದವಡೆಯ ಮೇಲಿರುವುದು ಮೂರು ಪಾಲು.

ಕಾಳಪ್ಪ ಸಂಸ್ಥಾನದ ತಂಡ ಸೇರಿದ. ಪತ್ರಿಕೆಯಲ್ಲಿ ಅವನ ಪಟ ಬಂತು. ನಮ್ಮೂರಲ್ಲಿ ಛೀಮಾರಿ ತಿಂದವನು ಈಗ ನಮ್ಮ ಮೈಸೂರಿನ ಕಾಳಪ್ಪನಾದ. ಮರುವರ್ಷ ಅವನು ಮತ್ತೆ ಪಂದ್ಯಕ್ಕೆ ಬಂದಾಗ, ನಮ್ಮ ತಂಡದವರು ಎಲ್ಲೋ ಹಿಂದೆ ಬಿದ್ದಿದ್ದರೂ, ಬೀದಿಯಲ್ಲಿ ತಟ್ಟೆಗಳು ಸಿದ್ಧವಾದವು. ಹಾರ ಹಿಡಿದವನು ಮತ್ತೆ ನಾನೇ. ಬುದ್ಧಿ ಅಷ್ಟು ಸುಲಭವಾಗಿ ಬರುವುದಾದರೆ ಲೋಕದಲ್ಲಿ ಅಭಿಮಾನಿಗಳೇ ಇರುತ್ತಿರಲಿಲ್ಲ.

ದೂರದಲ್ಲಿ ಕಾಳಪ್ಪ ಕಾಣಿಸಿಕೊಂಡ. ಜನ ರಸ್ತೆಗಿಳಿಯಬೇಕು, ಅಷ್ಟರಲ್ಲಿ ನಂಜೇಗೌಡ ಬದನೆಕಾಯಿ ಮೂಟೆಯ ಸೈಕಲ್ಲನ್ನು ನಮ್ಮ ಮುಂದೆ ಅಡ್ಡಡ್ಡಲಾಗಿ ಹಿಡಿದು ನಿಂತ. ಬೆನ್ನು ರಸ್ತೆಗೆ, ಮುಖ ನಮ್ಮ ಕಡೆಗೆ.

"ಯಾಕ್ಲಾ ಅಡ್ಡ ನಿಂತೆ?" ಎಂದು ದೊಡ್ಡಪ್ಪ ಗುಡುಗಿದರು.

"ನಾನೆಲ್ಲಿ ಅಡ್ಡ ನಿಂತಿವ್ನಿ ಯಜಮಾನ್ರೆ? ದಾರಿ ಬುಡುಸ್ತಾ ಇವ್ನಿ."

ಆಮೇಲೆ ನನ್ನ ಕೈಯಲ್ಲಿದ್ದ ಹಾರವನ್ನು ನೋಡಿ ಮೆಲ್ಲಗೆ ಹೇಳಿದ: "ಪಕ್ಕಕ್ ನಿಂತ್ಕಂಡು ಕೂಗಿ ಸಾವ್ಕಾರ್ರೆ. ತುಳಿಯೋನಿಗೆ ಅಷ್ಟೇಯ ಬೇಕಾಗಿರೋದು."

ಅವನ ಬೆನ್ನ ಹಿಂದೆ ಚಕ್ರದ ಸದ್ದು ಬಂತು, ಹತ್ತಿರವಾಯಿತು, ಹಾಸನದ ಕಡೆಗೆ ಹೋಗಿಬಿಟ್ಟಿತು. ಸಂಸ್ಥಾನದ ಸವಾರನನ್ನು ಕಣ್ತುಂಬ ನೋಡಲು ಊರೆಲ್ಲ ಕಾದಿತ್ತು. ಅವನಿಗೆ ದಾರಿ ಬಿಡಿಸಿದವನೊಬ್ಬ ಮಾತ್ರ ತಿರುಗಿಯೂ ನೋಡಲಿಲ್ಲ, ತಿರುಗಿದರೆ ನಾವು ನುಗ್ಗುತ್ತೇವೆಂದು ಅವನಿಗೆ ಗೊತ್ತಿತ್ತು.

ನಾನು ಪಕ್ಕಕ್ಕೆ ನಿಂತೆ. ಕೂಗಲು ಮಾತ್ರ ಆಗಲಿಲ್ಲ.